ಅನ್ಯಸೂರ್ಯರ ಗ್ರಹಗಳು ಮತ್ತು ‘ವಾಸಯೋಗ್ಯ’ವೆಂಬ ವಿಶೇಷಣ

೧

ವಿಶಾಖಪಟ್ಟಣದ ಹಳೆಯ ಊರಿನಿಂದ ಈಶಾನ್ಯಕ್ಕೆ, ಕಡಲ ದಂಡೆಯ ಮೇಲಿರುವ ಋಷಿಕೊಂಡವು ಇಂದು ವಿಹಾರಾರ್ಥಿಗಳಿಗೆ ಚಿರಪರಿಚಿತವಾದ ಸ್ಥಳ. ಬಂಗಾಳ ಕೊಲ್ಲಿಯ ಮೇಲೆ ಸೂರ್ಯೋದಯವನ್ನು ಕಾಣುವ ಈ ತೀರದ ನಗರಕ್ಕೆ ಖಗೋಲವಿಜ್ಞಾನದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ೧೮೭೪ನೆಯ ಇಸವಿ ಡಿಸೆಂಬರ್ ೯ರ ಬೆಳಗ್ಗೆ ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋದುದನ್ನು ಇಲ್ಲಿನ ಖಾಸಗಿ ವೇಧಶಾಲೆಯೊಂದರಿಂದ ಅಂಕಿತಂ ವೆಂಕಟ ನರಸಿಂಗರಾಯರು ದೂರದರ್ಶಕದ ಮೂಲಕ ನೋಡಿ ದಾಖಲಿಸಿದರು. ಅಂದು ಅವರು ಕಂಡ ದೃಶ್ಯಕ್ಕೂ, ಇಂದು ವೃತ್ತಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ‘ವಾಸಯೋಗ್ಯ ಗ್ರಹದ ಶೋಧ’ವೆಂಬ ವಾರ್ತೆಗೂ ನೇರವಾದ ಸಂಬಂಧವಿದೆ. ಆ ಸಂಬಂಧವನ್ನು ವಿವರಿಸುವುದೂ, ‘ವಾಸಯೋಗ್ಯ’ವೆಂಬ ವಿಶೇಷಣಕ್ಕೆ ವಿಜ್ಞಾನದಲ್ಲಿ ಇರುವ ಅರ್ಥವಾವುದು, ಇಲ್ಲದ ಅರ್ಥವಾವುದು ಎಂಬುದನ್ನು ಬಿಡಿಸಿ ತೋರಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ವಿಶಾಖಪಟ್ಟಣದ ಈ ವೇಧಶಾಲೆಯ ಬೇರುಗಳಿರುವುದು ಮದರಾಸಿನಲ್ಲಿ. ಜಮೀನ್ದಾರಿ ಮನೆತನದ ಗೋಡೇ ವೆಂಕಟ ಜಗ್ಗಾರಾಯರು (೧೮೧೭–೧೮೫೬) ಮದರಾಸಿಗೆ ಹೋಗಿ, ಅಲ್ಲಿನ ಸರ್ಕಾರಿ ವೇಧಶಾಲೆಯ ಮುಖ್ಯಸ್ಥರಾಗಿದ್ದ ಟಿ. ಜಿ. ಟೇಲರ್ ಅವರಲ್ಲಿ ಖಗೋಲಶಾಸ್ತ್ರವನ್ನು ಅಭ್ಯಾಸಮಾಡಿದರು. ಟೇಲರ್ ಹನ್ನೊಂದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳನ್ನು ನಿರ್ಣಯಿಸಿ ಪಟ್ಟಿಮಾಡಿದ ವಿದ್ವಾಂಸ. ಊರಿಗೆ ಮರಳಿದ ಜಗ್ಗಾರಾಯರು ೧೮೪೦ರ ಸುಮಾರಿಗೆ ಡಾಬಾ ಗಾರ್ಡನ್ಸ್‌ನಲ್ಲಿ ಸ್ವಂತ ವೆಚ್ಚದಿಂದ ವೇಧಶಾಲೆಯೊಂದನ್ನು ಸ್ಥಾಪಿಸಿದರು. ಅವರ ತರುವಾಯ ಅದನ್ನು ಮುಂದುವರಿಸಿದವರು ಅಳಿಯಂದಿರಾದ ನರಸಿಂಗರಾಯರು. ಶುಕ್ರ ಸಂಕ್ರಮಣವನ್ನು ಕುರಿತ ಅವರ ವರದಿಯು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕನ್ನಡಿಗರು ಇಲ್ಲಿ ಸ್ಮರಿಸಬೇಕಾದ ಇನ್ನೊಂದು ಸಂಗತಿಯಿದೆ. ಅದೇ ಮದರಾಸು ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಈ ಸಂಕ್ರಮಣವನ್ನು ಜನಸಾಮಾನ್ಯರಿಗೆ ಮುಂಗಡವಾಗಿ ತಿಳಿಯಪಡಿಸಲು ಪುಸ್ತಿಕೆಯೊಂದನ್ನು ರಚಿಸಿದರು. ಅದು ಹೊರಬಂದ ಭಾಷೆಗಳಲ್ಲಿ ಕನ್ನಡವೂ ಒಂದು. ಗ್ರಹವೊಂದು ನಕ್ಷತ್ರದ ಮುಂದೆ ಹಾದುಹೋಗುವ ವಿಷಯವನ್ನು ವಿವರಿಸುವ ಹೊಣೆಯನ್ನು ಕನ್ನಡ ಗದ್ಯವು ಹೊತ್ತು ಒಂದೂವರೆ ಶತಮಾನವೇ ಆಯಿತು.

೨

ಸೂರ್ಯನೂ ಒಂದು ನಕ್ಷತ್ರವೆಂದ ಮೇಲೆ ಉಳಿದ ನಕ್ಷತ್ರಗಳಿಗೂ ಗ್ರಹಪರಿವಾರವಿರಬೇಕೆಂಬ ಊಹೆ ಹಳೆಯದು. ಆದರೆ ಊಹೆ ಬೇರೆ, ವೀಕ್ಷಣೆಯಿಂದ ಬಂದ ಪ್ರಮಾಣ ಬೇರೆ. ವೀಕ್ಷಣೆಯ ಆಧಾರದ ಮೇಲೆ ಇಂತಹ ಗ್ರಹವೊಂದನ್ನು ಪ್ರತಿಪಾದಿಸಿದ ಮೊದಮೊದಲ ಯತ್ನಗಳಲ್ಲಿ ಒಂದು ನಡೆದುದು ಮದರಾಸಿನಲ್ಲಿಯೇ. ಟೇಲರ್ ಅವರ ಅನಂತರ ಅಲ್ಲಿನ ಮುಖ್ಯಸ್ಥರಾದ ಕ್ಯಾಪ್ಟನ್ ಡಬ್ಲ್ಯು. ಎಸ್. ಜೇಕಬ್ ಅವರು ಉರಗಧರ ಪುಂಜದಲ್ಲಿರುವ ‘೭೦ ಓಫಿಯೂಕಿ’ ಎಂಬ ಯಮಳ ನಕ್ಷತ್ರವನ್ನು ಪರಿಶೀಲಿಸಿದರು. ಈ ಎರಡು ನಕ್ಷತ್ರಗಳು ಒಂದನ್ನೊಂದು ಸುಮಾರು ೮೮ ವರ್ಷಗಳಿಗೊಮ್ಮೆ ಸುತ್ತುತ್ತವೆ. ಅವುಗಳ ಸ್ಥಾನವು ಗಣಿತದಿಂದ ಬರುವ ಸ್ಥಾನಕ್ಕೆ ಸರಿಹೊಂದದೆ ಅತ್ಯಲ್ಪ ವ್ಯತ್ಯಾಸವನ್ನು ತೋರುತ್ತಿತ್ತು. ಕಣ್ಣಿಗೆ ಕಾಣದ ಗ್ರಹವೊಂದರ ಆಕರ್ಷಣೆಯೇ ಇದಕ್ಕೆ ಕಾರಣವಾಗಿರುವುದು ಬಹುಮಟ್ಟಿಗೆ ಸಂಭವವೆಂದು ಜೇಕಬ್ ೧೮೫೫ರಲ್ಲಿ ಪ್ರತಿಪಾದಿಸಿದರು.

ಈ ವಾದವು ನಿಲ್ಲಲಿಲ್ಲ. ೧೮೯೦ರ ದಶಕದಲ್ಲಿ ಅಮೆರಿಕದ ಟಿ. ಜೆ. ಜೆ. ಸೀ ಇದೇ ನಕ್ಷತ್ರಕ್ಕೆ ೩೬ ವರ್ಷಗಳ ಆವರ್ತಕಾಲವುಳ್ಳ ಅದೃಶ್ಯ ಸಂಗಾತಿಯುಂಟೆಂದು ಸಾಧಿಸಲು ಹೊರಟರು. ಅಂತಹ ವ್ಯವಸ್ಥೆಯು ಸ್ಥಿರವಾಗಿ ಉಳಿಯಲಾರದೆಂದು ಎಫ್. ಆರ್. ಮೌಲ್ಟನ್ ಗಣಿತದಿಂದಲೇ ತೋರಿಸಿದರು. ಇಂದು ಆ ‘ಗ್ರಹ’ವನ್ನು ಯಾರೂ ಅಂಗೀಕರಿಸುವುದಿಲ್ಲ. ಅಂದಿನ ಉಪಕರಣಗಳ ಅಳತೆಯಲ್ಲಿದ್ದ ದೋಷವನ್ನೇ ಗ್ರಹದ ಸೆಳೆತವೆಂದು ಭ್ರಮಿಸಲಾಗಿತ್ತು. ಹಾಗಿದ್ದರೂ ಜೇಕಬ್ ಅವರ ತರ್ಕಸರಣಿ ದೋಷಯುಕ್ತವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಕಾಣದ ಗ್ರಹವನ್ನು ಕಾಣುವ ನಕ್ಷತ್ರದ ಚಲನೆಯಿಂದ ಅನುಮಾನಿಸಬಹುದೆಂಬ ತತ್ತ್ವ ಸರಿಯಾದುದೇ. ಕೊರತೆಯಿದ್ದುದು ಅಳತೆಯ ಸೂಕ್ಷ್ಮತೆಯಲ್ಲಿ.

ಆ ಸೂಕ್ಷ್ಮತೆ ಒದಗಿಬಂದುದು ೧೪೦ ವರ್ಷಗಳ ಬಳಿಕ. ೧೯೯೫ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬವರು ‘೫೧ ಪೆಗಾಸಿ’ ನಕ್ಷತ್ರದ ಬೆಳಕಿನ ವರ್ಣಪಟಲದಲ್ಲಿ ರೇಖೆಗಳು ನಿಯತವಾಗಿ ಹಿಂದುಮುಂದಾಗುವುದನ್ನು ಅಳೆದು, ಅದು ಗ್ರಹವೊಂದರ ಸೆಳೆತಕ್ಕೆ ಸಿಕ್ಕಿ ತೂಗಾಡುತ್ತಿದೆಯೆಂದು ಸ್ಥಾಪಿಸಿದರು. ಸೂರ್ಯಸದೃಶ ನಕ್ಷತ್ರವೊಂದರ ಸುತ್ತ ನಿಸ್ಸಂದಿಗ್ಧವಾಗಿ ಸಿದ್ಧವಾದ ಮೊದಲ ಗ್ರಹ ಅದು. ಈ ಶೋಧಕ್ಕಾಗಿ ಇಬ್ಬರಿಗೂ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ೨೦೨೫ರ ಸೆಪ್ಟೆಂಬರ್ ವೇಳೆಗೆ ದೃಢಪಟ್ಟ ಸೌರೇತರ ಗ್ರಹಗಳ ಸಂಖ್ಯೆ ೬,೦೦೦ವನ್ನು ದಾಟಿತ್ತು.

೩

ಈ ಸಹಸ್ರಾರು ಗ್ರಹಗಳಲ್ಲಿ ಬಹುಪಾಲು ಪತ್ತೆಯಾದುದು ವರ್ಣಪಟಲದ ಮಾರ್ಗದಿಂದಲ್ಲ, ವಿಶಾಖಪಟ್ಟಣದಲ್ಲಿ ನರಸಿಂಗರಾಯರು ಕಂಡಂತಹ ಸಂಕ್ರಮಣದ ಮಾರ್ಗದಿಂದ. ೧೮೭೪ರಲ್ಲಿ ಶುಕ್ರನು ಸೂರ್ಯಬಿಂಬವನ್ನು ದಾಟಲು ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ಆಗ ಅದು ಕರಿಯ ಚುಕ್ಕೆಯಾಗಿ, ಸೂರ್ಯನ ವ್ಯಾಸದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು ಅಗಲವಾಗಿ ಕಾಣಿಸುತ್ತಿತ್ತು. ಆ ಚುಕ್ಕೆಯು ಸೂರ್ಯನ ಬೆಳಕಿನಲ್ಲಿ ಸುಮಾರು ಸಾವಿರದಲ್ಲಿ ಒಂದಂಶವನ್ನು ಮರೆಮಾಡಿತು. ಅಂದಿನ ವೀಕ್ಷಕರಿಗೆ ಬೇಕಾಗಿದ್ದುದು ಈ ಮಂಕು ಅಲ್ಲ. ಭೂಮಿಯ ಬೇರೆ ಬೇರೆ ಸ್ಥಳಗಳಲ್ಲಿ ಪ್ರವೇಶ–ನಿರ್ಗಮಗಳ ವೇಳೆಯನ್ನು ಗುರುತಿಸಿ, ಅವುಗಳ ಅಂತರದಿಂದ ಸೂರ್ಯನ ದೂರವನ್ನು ಗಣಿಸುವುದು ಅವರ ಗುರಿಯಾಗಿತ್ತು.

ದೂರದ ನಕ್ಷತ್ರಗಳ ವಿಷಯದಲ್ಲಿ ಬಿಂಬವೇ ಕಾಣುವುದಿಲ್ಲ, ಕಾಣುವುದು ಬೆಳಕಿನ ಬಿಂದು ಮಾತ್ರ. ಆದುದರಿಂದ ಚುಕ್ಕೆಯನ್ನು ನೋಡುವ ಬದಲು ಮಂಕನ್ನೇ ಅಳೆಯಬೇಕಾಗುತ್ತದೆ. ನಕ್ಷತ್ರದ ಬೆಳಕು ನಿಯತವಾದ ಅವಧಿಗೊಮ್ಮೆ ಒಂದೇ ಪ್ರಮಾಣದಲ್ಲಿ ಕುಗ್ಗಿ ಮತ್ತೆ ಹಿಂದಿನಂತಾದರೆ, ಅದರ ಮುಂದೆ ಗ್ರಹವೊಂದು ಸುತ್ತುತ್ತಿದೆಯೆಂದು ಊಹಿಸಬಹುದು. ಎಷ್ಟು ದಿನಗಳಿಗೊಮ್ಮೆ ಕುಗ್ಗಿತೆಂಬುದರಿಂದ ಗ್ರಹದ ವರ್ಷವೂ, ಎಷ್ಟು ಕುಗ್ಗಿತೆಂಬುದರಿಂದ ಅದರ ಗಾತ್ರವೂ ತಿಳಿಯುತ್ತದೆ. ಭೂಮಿಯಂತಹ ಗ್ರಹವು ಸೂರ್ಯನಂತಹ ನಕ್ಷತ್ರದ ಮುಂದೆ ಹಾದುಹೋದರೆ ಬೆಳಕಿನಲ್ಲಿ ಕುಗ್ಗುವುದು ಸುಮಾರು ಹನ್ನೆರಡು ಸಾವಿರದಲ್ಲಿ ಒಂದಂಶ. ಅದರಲ್ಲಿಯೂ ಗ್ರಹದ ಪಥವು ನಮ್ಮ ದೃಷ್ಟಿರೇಖೆಯಲ್ಲಿಯೇ ಇರಬೇಕು. ಭೂಮಿಯಂತಹ ಪಥವು ಹಾಗಿರುವ ಸಂಭವ ಸುಮಾರು ಇನ್ನೂರರಲ್ಲಿ ಒಂದು. ಈ ಕಾರಣದಿಂದಲೇ ೨೦೦೯ರಲ್ಲಿ ಹಾರಿಬಿಡಲಾದ ಕೆಪ್ಲರ್ ವ್ಯೋಮನೌಕೆಯು ಒಂದೇ ದಿಕ್ಕಿನಲ್ಲಿ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಎಡೆಬಿಡದೆ ನೋಡಬೇಕಾಯಿತು. ೨೦೧೮ರಲ್ಲಿ ಅದರ ಕಾರ್ಯ ಮುಗಿಯುವ ವೇಳೆಗೆ ೨,೬೦೦ಕ್ಕೂ ಮೀರಿದ ಗ್ರಹಗಳು ಅದರಿಂದ ಬೆಳಕಿಗೆ ಬಂದಿದ್ದವು.

ಭಾರತೀಯರೂ ಈ ಕಾರ್ಯದಲ್ಲಿ ಪಾಲುಗೊಂಡಿದ್ದಾರೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು, ಕೆಪ್ಲರ್ ಕಂಡ ಮಂಕೊಂದನ್ನು ಅಬು ಪರ್ವತದ ತಮ್ಮ ವರ್ಣಪಟಲಮಾಪಕದಿಂದ ಪರೀಕ್ಷಿಸಿ, ಸುಮಾರು ೬೦೦ ಜ್ಯೋತಿರ್ವರ್ಷಗಳಾಚೆ ೨೭ ಭೂಮಿಗಳ ತೂಕವುಳ್ಳ ಗ್ರಹವೊಂದಿದೆಯೆಂದು ೨೦೧೮ರಲ್ಲಿ ದೃಢಪಡಿಸಿದರು. ಅದರ ಉಷ್ಣತೆ ಸುಮಾರು ೬೦೦ ಡಿಗ್ರಿ ಸೆಲ್ಸಿಯಸ್. ಪತ್ತೆಯಾದ ಗ್ರಹಗಳಲ್ಲಿ ಹೆಚ್ಚಿನವು ಹೀಗೆ ನಕ್ಷತ್ರಕ್ಕೆ ತೀರ ಸಮೀಪವಾಗಿದ್ದು ಬೆಂದುಹೋಗಿರುವಂತಹವು.

೪

ಹಾಗಾದರೆ ‘ವಾಸಯೋಗ್ಯ’ವೆಂದು ಕರೆಯಿಸಿಕೊಳ್ಳುವ ಗ್ರಹಗಳಾವುವು? ನಕ್ಷತ್ರದಿಂದ ಒಂದು ನಿಯತ ದೂರದಲ್ಲಿ, ನೀರು ಕುದಿದು ಆವಿಯಾಗಿಯೂ ಹೋಗದೆ, ಹೆಪ್ಪುಗಟ್ಟಿಯೂ ಹೋಗದೆ, ಗ್ರಹದ ಮೇಲ್ಮೈಯಲ್ಲಿ ದ್ರವರೂಪದಲ್ಲಿ ನಿಲ್ಲಬಹುದಾದ ಒಂದು ಪಟ್ಟಿಯಿದೆ. ಅದಕ್ಕೆ ‘ವಾಸಯೋಗ್ಯ ವಲಯ’ವೆಂದು ಹೆಸರು. ಆ ವಲಯದೊಳಗೆ ಸುತ್ತುವ, ಭೂಮಿಗಿಂತ ಬಹಳ ದೊಡ್ಡದಲ್ಲದ ಗ್ರಹಕ್ಕೆ ಈ ವಿಶೇಷಣವನ್ನು ಹಚ್ಚುವುದು ರೂಢಿ. ಇಲ್ಲಿ ‘ನಿಲ್ಲಬಹುದಾದ’ ಎಂಬ ಪದದ ಮೇಲೆ ಒತ್ತು ಬೀಳಬೇಕು. ನೀರು ಇದೆಯೆಂದು ಯಾರೂ ಕಂಡಿಲ್ಲ, ತಕ್ಕ ವಾಯುಮಂಡಲವಿದ್ದರೆ ಇರಬಹುದೆಂಬುದಷ್ಟೇ ತಾತ್ಪರ್ಯ.

ಈ ‘ಇದ್ದರೆ’ ಎಂಬುದು ಎಷ್ಟು ಭಾರವಾದುದೆಂಬುದಕ್ಕೆ ನರಸಿಂಗರಾಯರು ನೋಡಿದ ಶುಕ್ರನೇ ಸಾಕ್ಷಿ. ಶುಕ್ರನ ವ್ಯಾಸ ಭೂಮಿಯ ವ್ಯಾಸದ ಶೇಕಡಾ ೯೫ರಷ್ಟು. ಅದರ ಸ್ಥಾನ ಸೂರ್ಯನ ವಾಸಯೋಗ್ಯ ವಲಯದ ಒಳ ಅಂಚಿನ ಸಮೀಪ. ಬಹುದೂರದ ನಕ್ಷತ್ರವೊಂದರ ಬಳಿಯಿಂದ ಯಾರಾದರೂ ಸೂರ್ಯನ ಮಂಕನ್ನು ಮಾತ್ರವೇ ಅಳೆದರೆ, ಗಾತ್ರದಲ್ಲಿ ಭೂಮಿಗೂ ಶುಕ್ರನಿಗೂ ಇರುವ ಭೇದ ಅವರಿಗೆ ಬಹು ಅಲ್ಪವಾಗಿ ತೋರೀತು. ಆದರೆ ಒಂದರಲ್ಲಿ ಸಾಗರಗಳಿವೆ. ಇನ್ನೊಂದರ ನೆಲವು ಸುಮಾರು ೪೬೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಭೂಮಿಗಿಂತ ತೊಂಬತ್ತರಷ್ಟು ವಾಯುಭಾರದ ಕೆಳಗೆ ಸುಡುತ್ತಿದೆ. ಗಾತ್ರ ಮತ್ತು ದೂರ ಎಂಬ ಎರಡು ಅಂಕಿಗಳು ಗ್ರಹದ ಸ್ವಭಾವವನ್ನು ಹೇಳಲಾರವು.

ಈ ದೃಷ್ಟಿಯಿಂದ ಪ್ರಸಿದ್ಧ ಉದಾಹರಣೆಗಳನ್ನು ನೋಡಬಹುದು. ೨೦೧೬ರಲ್ಲಿ ಪತ್ತೆಯಾದ ‘ಪ್ರಾಕ್ಸಿಮಾ ಬಿ’ ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವನ್ನು ೧೧ ದಿನಗಳಿಗೊಮ್ಮೆ ಸುತ್ತುತ್ತದೆ. ೨೦೧೭ರಲ್ಲಿ ಪ್ರಕಟವಾದ ‘ಟ್ರಾಪಿಸ್ಟ್–೧’ರ ಪರಿವಾರದಲ್ಲಿ ಭೂಮಿಯಷ್ಟೇ ಗಾತ್ರದ ಏಳು ಗ್ರಹಗಳಿದ್ದು, ಕೆಲವು ವಾಸಯೋಗ್ಯ ವಲಯದೊಳಗಿವೆ. ಇವೆರಡೂ ಕೆಂಪು ಕುಬ್ಜ ನಕ್ಷತ್ರಗಳು. ಇವುಗಳ ಶಾಖ ಅಲ್ಪವಾದುದರಿಂದ ವಲಯವು ನಕ್ಷತ್ರಕ್ಕೆ ಬಹಳ ಹತ್ತಿರ ಬರುತ್ತದೆ. ಆದರೆ ಇಂತಹ ನಕ್ಷತ್ರಗಳು ಆಗಾಗ ಉಗ್ರವಾದ ಜ್ವಾಲೆಗಳನ್ನು ಉಗುಳುವುದರಿಂದ, ಹತ್ತಿರದ ಗ್ರಹಗಳ ವಾಯುಮಂಡಲ ಉಳಿದಿದೆಯೇ ಎಂಬುದೇ ಪ್ರಶ್ನೆ. ಟ್ರಾಪಿಸ್ಟ್–೧ರ ಅತ್ಯಂತ ಒಳಗಿನ ಗ್ರಹಕ್ಕೆ ಗಣನೀಯ ವಾಯುಮಂಡಲವಿರುವ ಸುಳಿವನ್ನು ವೆಬ್ ದೂರದರ್ಶಕವು ೨೦೨೩ರಲ್ಲಿ ಕಾಣಲಿಲ್ಲ.

೫

ಇತ್ತೀಚಿನ ಕಾಲದಲ್ಲಿ ಹೆಚ್ಚಿನ ಚರ್ಚೆಗೆ ಒಳಗಾಗಿರುವುದು ‘ಕೆ೨–೧೮ಬಿ’ ಎಂಬ ಗ್ರಹ. ಸಿಂಹರಾಶಿಯ ದಿಕ್ಕಿನಲ್ಲಿ ಸುಮಾರು ೧೨೪ ಜ್ಯೋತಿರ್ವರ್ಷಗಳ ದೂರದಲ್ಲಿರುವ ಇದನ್ನು ಕೆಪ್ಲರ್ ನೌಕೆಯು ತನ್ನ ಎರಡನೆಯ ಅವಧಿಯ ಕಾರ್ಯದಲ್ಲಿ ಪತ್ತೆಹಚ್ಚಿದುದು ೨೦೧೫ರಲ್ಲಿ ಪ್ರಕಟವಾಯಿತು. ತೂಕ ಎಂಟೂವರೆ ಭೂಮಿಗಳಷ್ಟು, ವ್ಯಾಸ ಭೂಮಿಯ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ವರ್ಷ ೩೩ ದಿನ. ತನ್ನ ಕೆಂಪು ಕುಬ್ಜ ನಕ್ಷತ್ರದ ಬೆಳಕಿನಲ್ಲಿ ಸುಮಾರು ಸಾವಿರದಲ್ಲಿ ಮೂರಂಶವನ್ನು ಅದು ಮರೆಮಾಡುತ್ತದೆ. ಸಂಕ್ರಮಣಕಾಲದಲ್ಲಿ ಗ್ರಹದ ಅಂಚಿನ ವಾಯುವನ್ನು ಹಾಯ್ದುಬರುವ ಬೆಳಕನ್ನು ವಿಶ್ಲೇಷಿಸಿದರೆ, ಆ ವಾಯುವಿನಲ್ಲಿರುವ ಅನಿಲಗಳು ತಮ್ಮ ಗುರುತನ್ನು ವರ್ಣಪಟಲದಲ್ಲಿ ಬಿಟ್ಟಿರುತ್ತವೆ.

೨೦೧೯ರಲ್ಲಿ ಹಬಲ್ ದೂರದರ್ಶಕದ ವೀಕ್ಷಣೆಗಳಿಂದ ಅಲ್ಲಿ ನೀರಾವಿಯಿದೆಯೆಂದು ಸಾರಲಾಯಿತು. ೨೦೨೩ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ, ಭಾರತ ಮೂಲದ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ವೆಬ್ ದೂರದರ್ಶಕದಿಂದ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಕಂಡರು. ಹಿಂದೆ ನೀರಾವಿಯೆಂದು ತಿಳಿದುದು ಬಹುಶಃ ಮೀಥೇನ್ ಆಗಿತ್ತೆಂದು ಆಗ ತೋರಿಬಂತು. ೨೦೨೫ರ ಏಪ್ರಿಲ್‌ನಲ್ಲಿ ಅದೇ ತಂಡವು ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ದೊರೆತಿದೆಯೆಂದು ವರದಿಮಾಡಿತು. ಭೂಮಿಯ ಮೇಲೆ ಇದನ್ನು ಮುಖ್ಯವಾಗಿ ಉತ್ಪತ್ತಿಮಾಡುವವು ಸಮುದ್ರದ ಸೂಕ್ಷ್ಮ ಸಸ್ಯಜೀವಿಗಳಾದುದರಿಂದ, ಜೀವದ ಕುರುಹು ಸಿಕ್ಕಿತೆಂದು ಜಗತ್ತಿನಾದ್ಯಂತ ವಾರ್ತೆ ಹಬ್ಬಿತು.

ಈ ವಾರ್ತೆಯನ್ನು ತೂಗಿನೋಡಲು ಎರಡು ಸಂಗತಿಗಳು ಬೇಕು. ಮೊದಲನೆಯದು, ಅಂಕಿಗಳ ಬಲ. ಆ ಸುಳಿವು ಕೇವಲ ಆಕಸ್ಮಿಕವಾಗಿರುವ ಸಂಭವ ಸಾವಿರದಲ್ಲಿ ಮೂರರಷ್ಟೆಂದು ತಂಡದ ಗಣನೆ. ಭೌತವಿಜ್ಞಾನವು ಶೋಧವೆಂದು ಒಪ್ಪಲು ಕೇಳುವುದು ಹತ್ತು ಲಕ್ಷದಲ್ಲಿ ಒಂದಕ್ಕೂ ಕಡಮೆಯಾದ ಸಂಭವವನ್ನು. ಅದೇ ದತ್ತಾಂಶಗಳನ್ನು ಬೇರೆ ರೀತಿಯಲ್ಲಿ ಪರಿಶೀಲಿಸಿದ ಇತರ ವಿದ್ವಾಂಸರಿಗೆ ಆ ಅನಿಲದ ದೃಢವಾದ ಸುಳಿವೇ ಕಾಣಲಿಲ್ಲ. ಎರಡನೆಯದು, ಕುರುಹಿನ ಅರ್ಥ. ಡೈಮೀಥೈಲ್ ಸಲ್ಫೈಡ್ ಜೀವರಹಿತವಾದ ಧೂಮಕೇತುವೊಂದರಲ್ಲಿಯೂ ಇದ್ದುದು ೨೦೨೪ರಲ್ಲಿ ವರದಿಯಾಗಿದೆ. ಹೊಗೆಯಿದ್ದಲ್ಲಿ ಬೆಂಕಿಯೆಂಬುದು ತರ್ಕಶಾಸ್ತ್ರದ ಪ್ರಸಿದ್ಧ ಅನುಮಾನ. ಆದರೆ ಮಂಜನ್ನು ಹೊಗೆಯೆಂದು ಬಗೆದವನಿಗೆ ಆ ಅನುಮಾನದಿಂದ ಬೆಂಕಿ ಸಿಕ್ಕುವುದಿಲ್ಲವೆಂಬ ಎಚ್ಚರವನ್ನೂ ಅದೇ ಶಾಸ್ತ್ರ ಕಲಿಸಿದೆ. ಕೆ೨–೧೮ಬಿಯಲ್ಲಿ ಕಂಡುದು ಹೊಗೆಯೇ ಹೌದೆಂಬುದು ಇನ್ನೂ ನಿಶ್ಚಿತವಾಗಿಲ್ಲ.

೬

ಇಷ್ಟನ್ನು ಗಮನಿಸಿದ ಮೇಲೆ ‘ವಾಸಯೋಗ್ಯ’ವೆಂಬ ಕನ್ನಡ ಪದವನ್ನು ವಿಚಾರಿಸುವುದು ಯುಕ್ತ. ವಾಸವೆಂದರೆ ಮನುಷ್ಯರು ಬೀಡುಬಿಟ್ಟು ಬಾಳುವುದೆಂಬುದು ಕನ್ನಡದಲ್ಲಿ ರೂಢಿಯ ಅರ್ಥ. ಊರಿಂದೂರಿಗೆ ಬಂದು ನೆಲೆನಿಂತವರಿಗಂತೂ ವಾಸಯೋಗ್ಯವೆಂದರೆ ನೀರು, ನೆರೆ, ಉದ್ಯೋಗ, ಮಕ್ಕಳ ಶಾಲೆ ಎಲ್ಲವೂ ಒದಗಿದ ಸ್ಥಳವೆಂದೇ ಭಾವನೆ. ವಿಜ್ಞಾನದ ಪದಕ್ಕೆ ಈ ಅರ್ಥ ಕಿಂಚಿತ್ತೂ ಇಲ್ಲ. ನಮಗೆ ಅತ್ಯಂತ ಸಮೀಪದ ಪ್ರಾಕ್ಸಿಮಾದ ದೂರ ೪.೨ ಜ್ಯೋತಿರ್ವರ್ಷ. ಕ್ಷಣಕ್ಕೆ ೧೭ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ವಾಯೇಜರ್ ನೌಕೆಯಂತಹುದು ಅಷ್ಟು ದೂರವನ್ನು ಕ್ರಮಿಸಲು ೭೦,೦೦೦ ವರ್ಷಗಳಿಗೂ ಮಿಕ್ಕಿ ಬೇಕು. ಭೂಮಿ ಕೆಟ್ಟರೆ ಹೋಗಿ ಸೇರಲು ಇನ್ನೊಂದು ಭೂಮಿ ಸಿಕ್ಕಿತೆಂಬ ಭಾವನೆಗೆ ಈ ಶೋಧಗಳಲ್ಲಿ ಆಧಾರವಿಲ್ಲ. ‘ಜಲಸಂಭವ ವಲಯ’ವೆಂದೋ, ಕನ್ನಡದಲ್ಲಿಯೇ ‘ನೀರು ನಿಲ್ಲಬಲ್ಲ ವಲಯ’ವೆಂದೋ ಕರೆದರೆ ವಿಷಯಕ್ಕೆ ಹೆಚ್ಚಿನ ನ್ಯಾಯ ಸಲ್ಲುತ್ತದೆ. ಪಾರಿಭಾಷಿಕ ಪದವು ಓದುಗನಿಗೆ ಇಲ್ಲದ ಆಸೆಯನ್ನು ಹುಟ್ಟಿಸಬಾರದು.

ಇದರಿಂದ ಈ ಶೋಧಗಳ ಮಹತ್ತ್ವ ಕುಂದುವುದಿಲ್ಲ. ಗ್ರಹಗಳು ವಿರಳವಲ್ಲ, ನಕ್ಷತ್ರಗಳಿಗೆ ಅವು ಸಹಜವಾದ ಪರಿವಾರವೆಂಬುದು ಕಳೆದ ಮೂವತ್ತು ವರ್ಷಗಳಲ್ಲಿ ನಿರ್ಣೀತವಾಗಿದೆ. ಜೇಕಬ್ ಅವರ ಕಾಲದಲ್ಲಿ ಅದು ಆಶಯ ಮಾತ್ರವಾಗಿತ್ತು. ಜೇಕಬ್ ಅವರ ಗ್ರಹ ಅಳಿಸಿಹೋಯಿತು, ಅವರ ಪ್ರಶ್ನೆ ಉಳಿಯಿತು. ಕೆ೨–೧೮ಬಿಯ ಅನಿಲದ ಗತಿಯೂ ಹೀಗೆಯೇ ಆದೀತೋ, ದೃಢಪಟ್ಟೀತೋ ಎಂಬುದನ್ನು ಮುಂದಿನ ಸಂಕ್ರಮಣಗಳು ತೀರ್ಮಾನಿಸಬೇಕು. ಆ ಗ್ರಹವು ೩೩ ದಿನಗಳಿಗೊಮ್ಮೆ ತನ್ನ ನಕ್ಷತ್ರದ ಮುಂದೆ ತಪ್ಪದೆ ಹಾಯುತ್ತಿರುವುದರಿಂದ, ಪರೀಕ್ಷೆಗೆ ಅವಕಾಶವಂತೂ ಮತ್ತೆ ಮತ್ತೆ ಒದಗುತ್ತಿರುತ್ತದೆ.