ಸ್ಪ್ಯಾನರ್ ಎಲ್ಲಿ ಹೋಯಿತು?

ಮನೆಯಲ್ಲಿ ಕತ್ತರಿ ಕಾಣದಿದ್ದರೆ ತಾಯಿ ಮಕ್ಕಳನ್ನು ಗದರುತ್ತಾಳೆ. ವರ್ಕ್‌ಶಾಪಿನಲ್ಲಿ ಹತ್ತರ ಸ್ಪ್ಯಾನರ್ ಕಾಣದಿದ್ದರೆ ಮೇಸ್ತ್ರಿ ಹುಡುಗನನ್ನು ಗದರುತ್ತಾನೆ. ಕತ್ತರಿ ಸಂಜೆಯೊಳಗೆ ಹೊಲಿಗೆ ಯಂತ್ರದ ಅಡಿಯಲ್ಲಿ ಸಿಗುತ್ತದೆ, ಎಲ್ಲರೂ ನಕ್ಕು ಮರೆಯುತ್ತಾರೆ. ಸ್ಪ್ಯಾನರಿನ ಕಥೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಮೊದಲು ಕೆಲಸ ನಿಲ್ಲುತ್ತದೆ, ಆಮೇಲೆ ಹಣ ಹೋಗುತ್ತದೆ, ಕೊನೆಗೆ ಯಾರೋ ಒಬ್ಬನ ಒಳ್ಳೆಯ ಹೆಸರೂ ಹೋಗುತ್ತದೆ.

ಸಲಕರಣೆಗಳ ಊರು

ರತ್ನಸಭಾಪತಿ ಮೊದಲಿಯಾರ್ ಅವರ ಹೆಸರನ್ನು ಹೊತ್ತ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಓಡಾಡಿದರೆ ನಮಗೆ ಕಾಣುವುದು ಅಂಗಡಿ, ಬ್ಯಾಂಕು, ಹೋಟೆಲುಗಳು. ಆದರೆ ಈ ನಗರದ ಅನೇಕ ಮನೆಗಳ ಒಲೆ ಉರಿಯುವುದು ಗಣಪತಿ, ಪೀಳಮೇಡು, ಆವಾರಂಪಾಳಯಂ ಕಡೆಯ ಸಣ್ಣಪುಟ್ಟ ವರ್ಕ್‌ಶಾಪುಗಳಿಂದ. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಅವರು ಭಾರತದಲ್ಲೇ ಎಲೆಕ್ಟ್ರಿಕ್ ಮೋಟಾರ್ ತಯಾರಿಸಿ ತೋರಿಸಿದ ಊರು ಇದು. ನಮ್ಮ ಹೊಲಗಳ ನೀರೆತ್ತುವ ಪಂಪು, ನಮ್ಮ ಅಡಿಗೆಮನೆಯ ವೆಟ್ ಗ್ರೈಂಡರ್ ಎಷ್ಟೋ ಸಲ ಇಲ್ಲಿಂದಲೇ ಬರುತ್ತವೆ.

ಕನ್ನಡಿಗರಿಗೂ ಈ ಊರು ಪರವೂರಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರ ಕುಟುಂಬಗಳು ಇಲ್ಲಿ ತಲೆಮಾರುಗಳಿಂದ ಬಾಳುತ್ತಿವೆ. ಗಡಿಯಾಚೆಯಿಂದ ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಇಂದಿಗೂ ಇಲ್ಲಿಗೆ ಬರುತ್ತಾರೆ. ಒಂದು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮಾಲೀಕ, ಇಬ್ಬರು ಕೆಲಸಗಾರರು, ಐ.ಟಿ.ಐ. ಮುಗಿಸಿದ ಒಬ್ಬ ಹುಡುಗ. ಎಷ್ಟೋ ವರ್ಕ್‌ಶಾಪುಗಳೆಂದರೆ ಇಷ್ಟೇ. ಇಂತಹ ಕಡೆ ಒಂದು ಸಲಕರಣೆ ಕಾಣೆಯಾದರೆ ಏನಾಗುತ್ತದೆ ಎಂಬುದನ್ನು ನಾವು ಯೋಚಿಸಬೇಕಾಗಿದೆ.

ಹೋಗುವ ದಾರಿಗಳು ಹಲವು

ಸಲಕರಣೆಗಳು ಕಳ್ಳತನವಾಗುವುದಕ್ಕಿಂತ ಕೈತಪ್ಪಿ ಹೋಗುವುದೇ ಹೆಚ್ಚು. ಪಕ್ಕದ ವರ್ಕ್‌ಶಾಪಿನವನು 'ಎರಡೇ ನಿಮಿಷ' ಎಂದು ಒಯ್ದದ್ದು ಅಲ್ಲೇ ಉಳಿಯುತ್ತದೆ. ಅಲೆನ್ ಕೀ ಅಂಗಿಯ ಜೇಬಿನಲ್ಲಿ ಮನೆಗೆ ಹೋಗುತ್ತದೆ. ಡ್ರಿಲ್ ಬಿಟ್ ಲೇತಿನಿಂದ ಉದುರಿದ ಕಬ್ಬಿಣದ ಸುರುಳಿಗಳ ನಡುವೆ ಸೇರಿ ಗುಜರಿಗೆ ಹೋಗುತ್ತದೆ. ರಿಪೇರಿ ಮಾಡಿದ ಗಾಡಿಯ ಬಾನೆಟ್ಟಿನೊಳಗೆ ಕುಳಿತ ಸ್ಪ್ಯಾನರ್ ಊರು ಬಿಟ್ಟು ಊರಿಗೆ ಪ್ರಯಾಣ ಮಾಡುತ್ತದೆ. ಇನ್ನು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ನಮಗೆಲ್ಲ ಗೊತ್ತೇ ಇದೆ.

ಕೆಲಸ ನಿಲ್ಲಬಾರದೆಂದು ಮಾಲೀಕ ಅಂಗಡಿಗೆ ಓಡುತ್ತಾನೆ. ಅವಸರದಲ್ಲಿ ಕೊಂಡದ್ದು ಅಗ್ಗದ್ದೇ ಆಗಿರುತ್ತದೆ. ಮೆದು ಕಬ್ಬಿಣದ ಸ್ಪ್ಯಾನರಿನ ಬಾಯಿ ನಾಲ್ಕು ದಿನದಲ್ಲಿ ಅಗಲವಾಗುತ್ತದೆ, ಬೋಲ್ಟಿನ ಮೂಲೆಗಳನ್ನು ಸವೆಸಿ ಉರುಟಾಗಿಸುತ್ತದೆ. ಆಮೇಲೆ ಆ ಬೋಲ್ಟನ್ನು ಬಿಚ್ಚಲು ಇನ್ನರ್ಧ ದಿನ ಬೇಕು. ಅಳತೆಯ ವರ್ನಿಯರ್, ಮೈಕ್ರೋಮೀಟರುಗಳಾದರೆ ಇನ್ನೂ ಎಚ್ಚರ ಬೇಕು. ಹೊಸದರ ಸೊನ್ನೆ ಸರಿಯಾಗಿದೆಯೇ ಎಂದು ನೋಡದೆ ಕೆಲಸಕ್ಕಿಳಿಸಿದರೆ ನೂರು ಬಿಡಿಭಾಗಗಳೂ ತಪ್ಪು ಅಳತೆಯಲ್ಲೇ ಹೊರಬರುತ್ತವೆ.

ತಮಾಷೆಯೆಂದರೆ, ಆಯುಧ ಪೂಜೆಗೆ ಮುನ್ನ ಮೂಲೆಮೂಲೆ ಗುಡಿಸಿ, ಸಲಕರಣೆಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಾಗ ಕಳೆದುಹೋದದ್ದು ಮೆಷಿನ್ನಿನ ಅಡಿಯಿಂದ ಹೊರಬರುತ್ತದೆ! ಒಂದೇ ಅಳತೆಯ ಮೂರು ಸ್ಪ್ಯಾನರುಗಳು ಒಟ್ಟಿಗೆ ನಮ್ಮ ಮುಖ ನೋಡುತ್ತವೆ. ವರ್ಷಕ್ಕೊಮ್ಮೆ ಮಾಡುವ ಈ ಲೆಕ್ಕವನ್ನು ದಿನಕ್ಕೊಮ್ಮೆ ಮಾಡಿದ್ದರೆ ಎರಡು ಸ್ಪ್ಯಾನರಿನ ಹಣ ಉಳಿಯುತ್ತಿತ್ತಲ್ಲವೇ?

ಹುಡುಗನ ಸಂಬಳ

ಹಣದ ನಷ್ಟವನ್ನು ಹೇಗೋ ತುಂಬಿಕೊಳ್ಳಬಹುದು. ಆದರೆ ಸಲಕರಣೆ ಕಾಣೆಯಾದ ಕೂಡಲೇ ಎಲ್ಲರ ಕಣ್ಣು ಹೋಗುವುದು ಯಾರ ಮೇಲೆ? ಹೊಸದಾಗಿ ಸೇರಿದ ಹುಡುಗನ ಮೇಲೆ. ಅದರಲ್ಲೂ ಪರಭಾಷೆಯವನ, ಬಡವನ ಮೇಲೆ. "ಅಣ್ಣಾ, ನಾನು ತೆಗೆದಿಲ್ಲ" ಎಂದರೆ ಯಾರೂ ಕೇಳುವುದಿಲ್ಲ. ತಿಂಗಳ ಕೊನೆಗೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಆ ಹಣ ಊರಿನಲ್ಲಿ ತಂಗಿಯ ಶಾಲೆಯ ಫೀಸಿಗೆ ಬೇಕಾದ ಹಣವಾಗಿರಬಹುದು.

ಕಾನೂನು ಇದನ್ನು ಒಪ್ಪುವುದಿಲ್ಲ. ಆ ವಸ್ತುವನ್ನು ಕೆಲಸಗಾರನ ವಶಕ್ಕೇ ಕೊಟ್ಟಿರಬೇಕು, ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಮಾತನ್ನು ಹೇಳಿಕೊಳ್ಳಲು ಅವಕಾಶ ಕೊಟ್ಟಿರಬೇಕು. ಆಗ ಮಾತ್ರ ಸಂಬಳದಲ್ಲಿ ಕಡಿತ ಮಾಡಬಹುದೆಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯೂ ಇದೇ ನಿಯಮವನ್ನು ಉಳಿಸಿಕೊಂಡಿದೆ. ಎಲ್ಲರೂ ಬಳಸುವ ಪೆಟ್ಟಿಗೆಯಿಂದ ಕಳೆದುಹೋದ ಸ್ಪ್ಯಾನರಿಗೆ ಒಬ್ಬನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಕಳೆದ ವಸ್ತುವಿಗಾಗಿ ನಾವು ಸಂತ ಅಂತೋಣಿಯವರನ್ನು ನೆನೆಯುತ್ತೇವೆ, ಒಳ್ಳೆಯದೇ. ಜೊತೆಗೆ ಇದನ್ನೂ ನೆನೆಯೋಣ: ಕದ್ದವನದು ಒಂದು ಪಾಪವಾದರೆ, ಕಳೆದುಕೊಂಡು ಹತ್ತು ಮಂದಿಯನ್ನು ಅನುಮಾನಿಸಿದವನದು ಹತ್ತು ಪಾಪ. ಸ್ಪ್ಯಾನರ್ ಮರುದಿನ ಸಿಗಬಹುದು. ಅನುಮಾನದ ಮಾತು ಕೇಳಿದ ಹುಡುಗನ ಮನಸ್ಸು ಮೊದಲಿನಂತಾಗುವುದೇ?

ಲೆಕ್ಕ ಇಡುವವರಿಂದ ಕಲಿಯೋಣ

ಒಂದು ಸಲಕರಣೆ ತಪ್ಪಿದರೆ ಪ್ರಾಣವೇ ಹೋಗಬಹುದಾದ ಕೆಲಸಗಳಲ್ಲಿ ಜನ ಏನು ಮಾಡುತ್ತಾರೆ? ಆಪರೇಷನ್ ಕೋಣೆಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯಂತೆ, ರೋಗಿ ಆ ಕೋಣೆಯಿಂದ ಹೊರಹೋಗುವ ಮೊದಲು ಉಪಕರಣ, ಸೂಜಿ, ಬಟ್ಟೆಗಳ ಲೆಕ್ಕ ಸರಿಯಿದೆಯೆಂದು ಬಾಯಿಬಿಟ್ಟು ಹೇಳಬೇಕು. ವಿಮಾನ ರಿಪೇರಿಯಲ್ಲೂ ಹೀಗೆಯೇ. ಆ ಲೆಕ್ಕ ತಪ್ಪಿದರೆ? 2023ರ ಡಿಸೆಂಬರಿನಲ್ಲಿ ತಪಾಸಣೆಗೆ ಬಳಸಿದ ಒಂದೂಕಾಲು ಮೀಟರ್ ಉದ್ದದ ನೈಲಾನ್ ಸಲಕರಣೆಯೊಂದು ಆಸ್ಟ್ರೇಲಿಯಾದ ಎ380 ವಿಮಾನದ ಎಂಜಿನ್ನಿನೊಳಗೇ ಉಳಿಯಿತು. ಅದು ಸಿಗುವ ಹೊತ್ತಿಗೆ ವಿಮಾನ 34 ಬಾರಿ ಹಾರಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ನಮ್ಮ ವರ್ಕ್‌ಶಾಪಿನಲ್ಲೂ ಅಪಾಯವಿಲ್ಲವೆಂದಲ್ಲ. ಲೇತಿನ ಚಕ್ಕಿನಲ್ಲೇ ಕೀಯನ್ನು ಮರೆತು ಸ್ವಿಚ್ ಹಾಕಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಕೀಗೊಂದು ಗೂಟ ಇದ್ದು, ಗೂಟ ಖಾಲಿಯಿದ್ದರೆ ಸ್ವಿಚ್ ಮುಟ್ಟುವುದಿಲ್ಲ ಎಂಬ ರೂಢಿ ಇದ್ದರೆ ಈ ಅಪಘಾತ ತಪ್ಪುತ್ತದೆ.

ಉಪಾಯಗಳೇನೂ ದೊಡ್ಡವಲ್ಲ. ಒಂದು ಪ್ಲೈವುಡ್ ಹಲಗೆ, ಕೆಲವು ಮೊಳೆ, ಒಂದು ಡಬ್ಬಿ ಬಣ್ಣ. ಪ್ರತಿ ಸಲಕರಣೆಯನ್ನು ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ, ಒಳಗೆ ಬಣ್ಣ ತುಂಬಿರಿ. ಸಂಜೆ ಬೀಗ ಹಾಕುವಾಗ ಖಾಲಿ ನೆರಳು ಕಂಡರೆ ಅಂದೇ ಹುಡುಕಬಹುದು. ಎಲ್ಲಿಟ್ಟೆವೆಂಬುದು ಆಗ ಇನ್ನೂ ನೆನಪಿನಲ್ಲಿರುತ್ತದೆ. ದೊಡ್ಡ ಕಾರ್ಖಾನೆಗಳ ಬಿಲ್ಲೆಯ ಪದ್ಧತಿಯೂ ಒಳ್ಳೆಯದು. ಸಲಕರಣೆ ಒಯ್ಯುವವನು ತನ್ನ ನಂಬರಿನ ಬಿಲ್ಲೆಯನ್ನು ಅದರ ಜಾಗದಲ್ಲಿ ತೂಗುಹಾಕುತ್ತಾನೆ. ಹಾಗಾದಾಗ ಯಾರನ್ನೂ ಅನುಮಾನಿಸಬೇಕಿಲ್ಲ, ಬಿಲ್ಲೆಯೇ ಹೇಳುತ್ತದೆ. ಪಕ್ಕದವರಿಗೆ ಕೊಟ್ಟದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸಲಕರಣೆಗಳ ಹಿಡಿಗೆ ನಿಮ್ಮದೇ ಬಣ್ಣದ ಪಟ್ಟಿ ಹಚ್ಚಿರಿ. ಹೊಸದನ್ನು ಕೊಳ್ಳುವ ಮೊದಲು ಒಂದು ದಿನ ಹುಡುಕಿ. ಕೊಳ್ಳಲೇಬೇಕಾದರೆ ಗಟ್ಟಿಯಾದದ್ದನ್ನೇ ಕೊಳ್ಳಿ.

ಮನೆಯಲ್ಲೂ ಇದನ್ನು ಆರಂಭಿಸಬಹುದು. ಸುತ್ತಿಗೆ, ಸ್ಕ್ರೂ ಡ್ರೈವರ್, ಕತ್ತರಿ, ಟಾರ್ಚು ಇವಿಷ್ಟಕ್ಕೆ ಒಂದು ಹಲಗೆ ಸಾಕು. ಗೆರೆ ಎಳೆಯುವ ಕೆಲಸವನ್ನು ಮಕ್ಕಳಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ. ನಾಳೆ ಅವರಲ್ಲೊಬ್ಬ ವರ್ಕ್‌ಶಾಪಿನ ಮಾಲೀಕನಾದರೆ, ಸ್ಪ್ಯಾನರ್ ಕಾಣದ ದಿನ ಹುಡುಗನ ಮುಖ ನೋಡುವ ಮೊದಲು ಹಲಗೆಯನ್ನು ನೋಡುತ್ತಾನೆ.