ಚೀನಾ ಟಿಲ್ಲರಿಗೆ ನಮ್ಮೂರಲ್ಲಿ ಯಾರು ದಿಕ್ಕು?

ಕಾರ್ಕಳ ತಾಲೂಕಿನ ನಿಟ್ಟೆ, ಬೋಳ, ಬೆಳ್ಮಣ್ ಕಡೆಯ ಗದ್ದೆಗಳಿಗೆ ದೊಡ್ಡ ಟ್ರ್ಯಾಕ್ಟರ್ ಇಳಿಸುವುದು ಸುಲಭದ ಮಾತಲ್ಲ. ಮುರಕಲ್ಲಿನ ಗುಡ್ಡಗಳ ನಡುವೆ ಬೆಟ್ಟು, ಮಜಲು, ಬಯಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ. ಒಂದೊಂದು ಗದ್ದೆ ಹತ್ತಿಪ್ಪತ್ತು ಸೆಂಟ್ಸು. ಒಂದರಿಂದ ಇನ್ನೊಂದಕ್ಕೆ ಹೋಗಲು ದಾರಿ ಎಂದರೆ ಅಂಚೇ. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲುಗಳಿಗೆ ಭೂಮಿ ದಕ್ಕಿತು, ಮುಂದಿನ ತಲೆಮಾರಿನಲ್ಲಿ ಪಾಲಾಗಿ ಅದು ಇನ್ನಷ್ಟು ಚಿಕ್ಕದಾಯಿತು. ಹಾಗಾಗಿ ಉಳುವ ಕೋಣಗಳು ಹಟ್ಟಿ ಬಿಟ್ಟಾಗ ಕರಾವಳಿಯಲ್ಲಿ ಅವುಗಳ ಜಾಗಕ್ಕೆ ಹೆಚ್ಚಾಗಿ ಬಂದದ್ದು ಪವರ್ ಟಿಲ್ಲರ್. ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ, ಕುಬೋಟ ತಂತ್ರಜ್ಞಾನ ಪಡೆದ ಕೇರಳ ಸರಕಾರದ ಕ್ಯಾಮ್ಕೊ, ಈ ಎರಡೇ ಹೆಸರುಗಳು ಬಹಳ ಕಾಲ ಇಲ್ಲಿ ಓಡಿದವು. ಆಮೇಲೆ ಚೀನಾದ ಯಂತ್ರಗಳು ಬಂದವು: ಪೂರ್ಣ ಗಾತ್ರದ ಟಿಲ್ಲರ್, ಕೈಯಲ್ಲಿ ತಳ್ಳುವ ಮಿನಿ ಟಿಲ್ಲರ್, ಕಳೆ ಯಂತ್ರ. ಬಹಳಷ್ಟರ ಮೇಲೆ ಇದ್ದದ್ದು ಆಮದು ಮಾಡಿದವರು ಅಂಟಿಸಿದ ಭಾರತೀಯ ಹೆಸರು. ಆಗಿನಿಂದ ಅಂಗಡಿಯಲ್ಲಿ ರೈತರು ಕೇಳುವ ಪ್ರಶ್ನೆ ಒಂದೇ: ಚೀನಾದ್ದು ಬಾಳಿಕೆ ಬರುತ್ತದೆಯೇ? ಕೇಳಬೇಕಾದ ಮೊದಲ ಪ್ರಶ್ನೆ ಇದಲ್ಲ ಎಂಬುದು ನನ್ನ ವಾದ. ಯಂತ್ರ ಎಲ್ಲಿ ತಯಾರಾಯಿತು ಎನ್ನುವುದಕ್ಕಿಂತ, ಅದು ಕೆಸರಲ್ಲಿ ನಿಂತ ದಿನ ಅದರ ಬಿಡಿಭಾಗ ಕಾರ್ಕಳದಲ್ಲೋ ಉಡುಪಿಯಲ್ಲೋ ಯಾರ ಕಪಾಟಿನಲ್ಲಿದೆ ಎನ್ನುವುದೇ ದೊಡ್ಡ ಸಂಗತಿ.

ಕೆಸರು ಉಳುಮೆಯಲ್ಲಿ ಯಂತ್ರ ಹೇಗೆ ಕೆಡುತ್ತದೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಟಿಲ್ಲರಿನ ಹಿಂದೆ ತಿರುಗುವ ರೋಟರಿಯ ದಂಡಕ್ಕೆ ಎರಡೂ ಬದಿ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಒಳಗಿನ ಎಣ್ಣೆ ಹೊರಗೆ ಬಾರದಂತೆ, ಹೊರಗಿನ ಕೆಸರುನೀರು ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ. ಹಳೆಯ ಬೈಹುಲ್ಲು, ಬಳ್ಳಿ, ಪ್ಲಾಸ್ಟಿಕ್ ಹಗ್ಗದ ತುಂಡು ಆ ದಂಡಕ್ಕೆ ಬಿಗಿಯಾಗಿ ಸುತ್ತಿಕೊಂಡು ಸೀಲಿನ ಅಂಚನ್ನು ಕತ್ತರಿಸುತ್ತವೆ. ನೀರು ಒಳಸೇರಿದರೆ ಗೇರ್ ಎಣ್ಣೆ ಹಾಲು ಬಿದ್ದ ಹಾಗೆ ಬೆಳ್ಳಗಾಗುತ್ತದೆ. ಆಗಲೇ ಗಮನಿಸಿ ಸೀಲ್ ಬದಲಿಸಿದರೆ ಕೆಲವು ನೂರು ರೂಪಾಯಿಯ ಕೆಲಸ, ಅರ್ಧ ದಿನದ ಕೆಲಸ. ಆ ಅಳತೆಯ ಸೀಲ್ ಸಿಗಲಿಲ್ಲವೆಂದು, ನಾಟಿಯ ಅವಸರವೆಂದು ಹಾಗೆಯೇ ಓಡಿಸಿದರೆ ಮೊದಲು ಬೇರಿಂಗ್ ಹೋಗುತ್ತದೆ, ಆಮೇಲೆ ಗೇರು, ಕಡೆಗೆ ಪೆಟ್ಟಿಗೆಯೇ. ಚೀನಾದ ಮಾಲು ಕಳಪೆ ಎಂದು ಊರಿಡೀ ಹಬ್ಬುವ ಎಷ್ಟೋ ಮಾತುಗಳ ಬುಡದಲ್ಲಿ ಇಂಥ ಒಂದು ಸಿಗದ ಸೀಲ್ ಇರುತ್ತದೆ. ಹಾಗೆಂದು ಎಲ್ಲ ಚೀನಾ ಮಾಲೂ ಚೆನ್ನಾಗಿದೆ ಎಂದು ಯಾರೂ ಹೇಳಲಾರರು. ಕಬ್ಬಿಣ ಮೆತ್ತಗಿದ್ದು ಮುರಕಲ್ಲಿನ ಹರಳಿಗೆ ಒಂದೇ ಹಂಗಾಮಿನಲ್ಲಿ ಬ್ಲೇಡ್ ಸವೆಯುವುದೂ ಉಂಟು. ಆದರೆ ಸವೆದ ಬ್ಲೇಡನ್ನು ಬದಲಿಸಬಹುದು, ಸಿಕ್ಕರೆ.

ಮಳೆಗಾಲದ ಭತ್ತದ ಬೆಳೆಯಾದ ಏಣೇಲಿಗೆ ಕಾಯುವ ವ್ಯವಧಾನವಿಲ್ಲ. ಮಳೆ ಹಿಡಿದ ಮೇಲೆ ಉತ್ತು, ಹದಮಾಡಿ, ನೇಜಿ (ಭತ್ತದ ಸಸಿ) ಬಲಿಯುವ ಮೊದಲೇ ನೆಡಬೇಕು. ಕೈಯಲ್ಲಿರುವುದು ಎರಡು ಮೂರು ವಾರ. ಸೀಲ್ ಕೊಯಮತ್ತೂರಿನಿಂದ ಪಾರ್ಸೆಲ್ಲಿನಲ್ಲಿ ಬರಲಿ ಎಂದು ವಾರ ಕಾದವನಿಗೆ ಯಂತ್ರ ಕೊಳ್ಳುವಾಗ ಉಳಿಸಿದ ಹಣ ಬಾಡಿಗೆ ಟಿಲ್ಲರಿಗೇ ಹೋಗುತ್ತದೆ, ಬಾಡಿಗೆ ಟಿಲ್ಲರ್ ಆ ವಾರ ಬಿಡುವಾಗಿ ಸಿಕ್ಕಿದರೆ.

ಮೂಲ ಚೀನಾದ್ದಾದರೂ ಬೆಂಬಲ ಗಟ್ಟಿಯಿದ್ದರೆ ಯಂತ್ರ ನಿಲ್ಲುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಎಂಟು ಸಾಲು ನೆಡುವ 'ಯಾಂಜಿ ಶಕ್ತಿ' ನಾಟಿಯಂತ್ರದ ಹೆಸರಿನಲ್ಲಿರುವ ಯಾಂಜಿ ಚೀನಾದ ಜಿಲಿನ್ ಪ್ರಾಂತದ ಒಂದು ಊರು. ಅದನ್ನು ತಂದು ಮಾರಿದ್ದು ವಿಎಸ್‌ಟಿ. ಟಿಲ್ಲರಿಗಾಗಿ ಮೊದಲೇ ಕಟ್ಟಿದ್ದ ಡೀಲರು, ಮೆಕ್ಯಾನಿಕ್ಕುಗಳ ಜಾಲ ಇತ್ತಾದ್ದರಿಂದ ಭತ್ತದ ನಾಡಿನಲ್ಲಿ ಅದು ಓಡಿತು. ದೂರದ ಅಮೆರಿಕದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಜಿಯಾಂಗ್ಸು ಪ್ರಾಂತದ ಯಾನ್‌ಚೆಂಗ್‌ನ 'ಜಿನ್ಮಾ' ಸಣ್ಣ ಟ್ರ್ಯಾಕ್ಟರುಗಳು ಅಲ್ಲಿಗೆ ಕಂಟೇನರುಗಳಲ್ಲಿ ಹೋಗುತ್ತಿದ್ದವು. ಸಣ್ಣ ಸಣ್ಣ ವ್ಯಾಪಾರಿಗಳು ಅವನ್ನು ಜೋಡಿಸಿ ಮಾರುತ್ತಿದ್ದರು. ಹೊಗೆಯ ನಿಯಮ ಬಿಗಿಯಾಗುತ್ತ ಹೋದಂತೆ ಆ ವ್ಯಾಪಾರ ಸೊರಗಿತು, ಬಿಡಿಭಾಗ ಇಟ್ಟುಕೊಂಡಿದ್ದ ಕೆಲವರನ್ನೇ ಕೊಂಡವರು ನೆಚ್ಚಬೇಕಾಯಿತು. ಅದೇ ಯಾನ್‌ಚೆಂಗ್‌ನ ತಯಾರಕರೊಡನೆ ನಮ್ಮ ಮಹೀಂದ್ರಾ ಕಂಪನಿಯೂ ಪಾಲುದಾರಿಕೆ ಮಾಡಿ, 2017ರಲ್ಲಿ ತನ್ನ ಪಾಲು ಮಾರಿ ಹೊರಬಂತು. ದೊಡ್ಡ ಕಂಪನಿಗಳೇ ಹೀಗೆ ಬಂದು ಹೋಗುವಾಗ ಹೆಸರೊಂದನ್ನೇ ನೆಚ್ಚಿಕೊಳ್ಳುವುದು ಹೇಗೆ?

ನಮ್ಮಲ್ಲಿ ಈ ಅನಿಶ್ಚಿತತೆಗೆ ಸರಕಾರಿ ಮುದ್ರೆಯೂ ಬಿದ್ದಿದೆ. 2020ರ ಜುಲೈಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಪವರ್ ಟಿಲ್ಲರನ್ನೂ ಅದರ ಎಂಜಿನ್, ಗೇರ್ ವ್ಯವಸ್ಥೆ, ಚಾಸಿ, ರೋಟರಿಗಳನ್ನೂ ಮುಕ್ತ ಆಮದಿನ ಪಟ್ಟಿಯಿಂದ ತೆಗೆದು ನಿರ್ಬಂಧಿತ ಪಟ್ಟಿಗೆ ಹಾಕಿತು. ಪರವಾನಗಿ ಬೇಕಾದವರು ಕನಿಷ್ಠ 3 ವರ್ಷ ಈ ವ್ಯಾಪಾರದಲ್ಲಿದ್ದಿರಬೇಕು, ಆ ಅವಧಿಯಲ್ಲಿ 100 ಟಿಲ್ಲರಾದರೂ ಮಾರಿರಬೇಕು, ಮಾರಾಟದ ನಂತರದ ಸೇವೆ, ಬಿಡಿಭಾಗಗಳ ವ್ಯವಸ್ಥೆ ತೋರಿಸಬೇಕು. ಇದನ್ನು ದೇಶೀಯ ತಯಾರಕರಿಗೆ ಮಾಡಿದ ಉಪಕಾರ ಎಂದು ಆಕ್ಷೇಪಿಸುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ರೈತನ ಕಡೆಯಿಂದ ನೋಡಿದರೆ ಮಾತ್ರ ಆ ಷರತ್ತುಗಳು ಒಳ್ಳೆಯ ಪಾಠ: ಎಷ್ಟು ವರ್ಷದಿಂದ ಇದ್ದೀರಿ, ಎಷ್ಟು ಮಾರಿದ್ದೀರಿ, ಮಾರಿದ್ದನ್ನು ಯಾರು ನೋಡಿಕೊಳ್ಳುತ್ತಾರೆ. ದಿಲ್ಲಿ ಕೇಳಿದ ಈ ಮೂರನ್ನೇ ಕಾರ್ಕಳದ ಕೌಂಟರಿನಲ್ಲಿ ಕೇಳಲು ಸಂಕೋಚವೇಕೆ?

ನಮ್ಮೂರ ಮೆಕ್ಯಾನಿಕ್ ಏನಿದ್ದರೂ ಸರಿಮಾಡುತ್ತಾನೆ, ಡೀಲರ್ ಯಾಕೆ ಬೇಕು ಎನ್ನುವವರುಂಟು. ಎಂಜಿನ್ನಿನ ಮಟ್ಟಿಗೆ ಇದು ಬಹುಪಾಲು ನಿಜ. ಚೀನಾದ ಎಸ್195 ಎಂಜಿನ್, ಅಂದರೆ 95 ಮಿಲಿಮೀಟರ್ ವ್ಯಾಸದ ಒಂಟಿ ಸಿಲಿಂಡರಿನ, ಸುಮಾರು 12 ಅಶ್ವಶಕ್ತಿಯ ಡೀಸೆಲ್ ಎಂಜಿನ್, ಒಂದೇ ನಕ್ಷೆಯಲ್ಲಿ ಹಲವು ಕಾರ್ಖಾನೆಗಳಲ್ಲಿ ತಯಾರಾದದ್ದು. ಒಂದರ ಪಿಸ್ಟನ್ ಇನ್ನೊಂದಕ್ಕೆ ಕೂರುತ್ತದೆ. ಸಣ್ಣ ಯಂತ್ರಗಳ 168ಎಫ್ ಪೆಟ್ರೋಲ್ ಎಂಜಿನ್ ಹೋಂಡಾದ ಮಾದರಿಯನ್ನೇ ಅನುಸರಿಸಿದ್ದರಿಂದ ಅದಕ್ಕೂ ಭಾಗಗಳ ಬರವಿಲ್ಲ. ಆದ್ದರಿಂದ ಬಾನೆಟ್ಟಿನ ಮೇಲಿನ ಬಣ್ಣದ ಸ್ಟಿಕರ್ ಬಿಟ್ಟು ಎಂಜಿನ್ನಿಗೆ ಬಡಿದ ತಗಡಿನ ಸಂಖ್ಯೆ ಓದುವುದು ಜಾಣತನ. ತೊಂದರೆ ಇರುವುದು ಗೇರ್‌ಬಾಕ್ಸಿನಲ್ಲಿ. ಅಲ್ಲಿನ ಹಲ್ಲು, ಕ್ಲಚ್ ಪ್ಲೇಟ್, ದಂಡಗಳ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ನಿಟ್ಟೆಯಲ್ಲೇ ಎರಕದ ಕಾರ್ಖಾನೆ ಇದೆ, ನಿಜ. ಆದರೆ ಯಾವ ಕಾರ್ಖಾನೆಯೂ ಒಬ್ಬ ರೈತನಿಗಾಗಿ ಒಂದೇ ಒಂದು ಗೇರ್ ಪೆಟ್ಟಿಗೆ ಎರಕಹೊಯ್ಯುವುದಿಲ್ಲ.

ಸಬ್ಸಿಡಿ ಪಟ್ಟಿಯಲ್ಲಿದೆಯಲ್ಲ, ಸರಕಾರವೇ ನೋಡಿರುತ್ತದಲ್ಲ ಎಂಬ ಭರವಸೆ ಇನ್ನೊಂದು. ಮಧ್ಯಪ್ರದೇಶದ ಬುದ್ನಿ, ಅನಂತಪುರದ ಗಾರ್ಲದಿನ್ನೆಯ ಕೇಂದ್ರ ಸಂಸ್ಥೆಗಳು ಕೃಷಿಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುತ್ತವೆ. ಡೀಲರಿನಿಂದ ಅದನ್ನು ಕೇಳಿ ಪಡೆಯಲೇಬೇಕು. ಆದರೆ ಅದು ಯಂತ್ರದ ಶಕ್ತಿ, ಇಂಧನ, ಸವೆತದ ವರದಿ. ಅಂಗಡಿಯಲ್ಲಿ ಮೆಕ್ಯಾನಿಕ್ ಇದ್ದಾನೋ ಇಲ್ಲವೋ ಅದರಲ್ಲಿ ಇರುವುದಿಲ್ಲ. ಹೇಳಬೇಕಾದ ಕಹಿ ಮಾತೆಂದರೆ, ಸಹಾಯಧನ ಬೆಲೆಯ ಶೇ 40-50 ಭಾಗವನ್ನು ಮುಟ್ಟುವ ಕಡೆ ಯಂತ್ರಕ್ಕಿಂತ ಕಡತ ಓಡಿಸುವುದರಲ್ಲೇ ಪಳಗಿದ ಡೀಲರುಗಳೂ ಹುಟ್ಟಿಕೊಳ್ಳುತ್ತಾರೆ. ದೇಶೀಯ ಬ್ರಾಂಡಿನವರೂ ಫೋನ್ ಎತ್ತುವುದಿಲ್ಲ ಎಂಬ ದೂರೂ ಇದ್ದದ್ದೇ. ಹಾಗಾಗಿ ಪರೀಕ್ಷೆ ಚೀನಾದವರಿಗೆ ಮಾತ್ರವಲ್ಲ, ಎಲ್ಲರಿಗೂ.

ಆ ಪರೀಕ್ಷೆಗೆ ಎಂಜಿನಿಯರ್ ಆಗಬೇಕಿಲ್ಲ. ರೋಟರಿಯ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಹೆಡ್ ಗ್ಯಾಸ್ಕೆಟ್, ನಾಝಲ್, ಒಂದು ಜೊತೆ ಬ್ಲೇಡ್ ಇಷ್ಟನ್ನು ಈಗಲೇ ಬಿಲ್ ಮಾಡಿ ಕೊಡಿ ಎನ್ನಿ. ಒಳಗಿನಿಂದ ತಂದರೆ ಮಾತು ಮುಂದುವರಿಸಿ. ನಾಳೆ ತರಿಸುತ್ತೇವೆ ಎಂದರೆ ನೀವೂ ನಾಳೆ ಬನ್ನಿ. ಬಿಡಿಭಾಗಗಳ ಸಂಖ್ಯೆಯಿರುವ ಕ್ಯಾಟಲಾಗ್ ಪುಸ್ತಕ ಕೇಳಿ. ವಾರಂಟಿ ಕಾಗದದಲ್ಲಿ ಸಹಿ ಡೀಲರಿನದೋ ಆಮದುದಾರರದೋ ನೋಡಿ, ಅಂಗಡಿ ಮುಚ್ಚಿದರೆ ಉಳಿಯುವುದು ಎರಡನೆಯದು ಮಾತ್ರ. ಹೊಸದಾಗಿ ಕೊಂಡವರ ಹೆಸರು ಬೇಡ, ಮೂರು ಮಳೆಗಾಲ ಕಂಡ ಟಿಲ್ಲರ್ ಇರುವವರನ್ನು ತೋರಿಸಿ ಎನ್ನಿ.

ಯುಗಾದಿಯ ಹೊತ್ತಿಗೆ ಎಲ್ಲ ಡೀಲರುಗಳೂ ಒಳ್ಳೆಯವರೇ. ಮಾರುವ ಕಾಲ ಅದು. ಕೊಳ್ಳುವ ಮನಸ್ಸಿದ್ದವರು ಈ ಏಣೇಲಿಗೆ ಸರಕಾರದ ಬಾಡಿಗೆ ಯಂತ್ರ ಯೋಜನೆಯಾದ ಕೃಷಿ ಯಂತ್ರಧಾರೆಯ ಟಿಲ್ಲರಿನಲ್ಲಿ ಉಳುಮೆ ಮುಗಿಸಲಿ. ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ ನೀವು ಕೊಳ್ಳಬೇಕೆಂದಿರುವ ಅಂಗಡಿಗೆ ಹೋಗಿ, ಕೆಸರು ಮೆತ್ತಿದ ಭಾಗ ಹಿಡಿದು ಬಂದವರಿಗೆ ಅಲ್ಲಿ ಏನು ಉತ್ತರ ಸಿಗುತ್ತದೆ ಎಂದು ಅರ್ಧ ಗಂಟೆ ನಿಂತು ಕೇಳಿ. ಮುಂಗಡ ಕೊಡುವುದನ್ನು ಆಮೇಲೆ ನಿರ್ಧರಿಸಿ.