ಟರ್ಬೊ ಎಂಜಿನ್ನಿನ ಪಿಸ್ಟನ್ ಮತ್ತು ರಿಂಗ್ ಜೋಡಣೆ

ಪಿಸ್ಟನ್ ಮತ್ತು ರಿಂಗ್ ಜೋಡಣೆಯು ಅಂತರ್ದಹನ ಎಂಜಿನ್ನಿನ ಮರುನಿರ್ಮಾಣದ ಒಂದು ಮುಖ್ಯ ಹಂತವಾಗಿದೆ. ಸಿಲಿಂಡರಿನ ವ್ಯಾಸಕ್ಕೆ ಹೊಂದುವ ಪಿಸ್ಟನ್ನುಗಳನ್ನು ಆಯ್ದು, ಅವುಗಳ ರಿಂಗುಗಳ ಎರಡು ತುದಿಗಳ ನಡುವಿನ ಸಂದನ್ನು ಅಳತೆಗೆ ತಂದು, ಎಂಜಿನ್ ಬ್ಲಾಕಿನೊಳಗೆ ಕೂರಿಸುವುದು ಈ ಹಂತದ ಕೆಲಸ. ಎಂಜಿನ್ನಿಗೆ ಟರ್ಬೊಚಾರ್ಜರ್ ಸೇರಿಸಿದಾಗ ಪಿಸ್ಟನ್ನಿನ ಮೇಲಿನ ಶಾಖವೂ ಒತ್ತಡವೂ ಹೆಚ್ಚುವುದರಿಂದ ಮೂಲ ಕೈಪಿಡಿಯಲ್ಲಿರುವ ಅಳತೆಗಳು ಸಾಕಾಗುವುದಿಲ್ಲ. ಮನೆಯಲ್ಲಿ ಕಟ್ಟಿದ ಟರ್ಬೊ ಎಂಜಿನ್ನುಗಳು ಬೇಗನೆ ಕೆಡಲು ಸಾಮಾನ್ಯವಾಗಿ ಕಂಡುಬರುವ ಕಾರಣಗಳಲ್ಲಿ ರಿಂಗ್ ಸಂದು ಕಿರಿದಾಗಿರುವುದೂ ಒಂದು.

ಹಿನ್ನೆಲೆ

ಒಂದೆಡೆ ಸೀಳಿದ, ತನ್ನ ಪುಟಿತದಿಂದಲೇ ಸಿಲಿಂಡರ್ ಗೋಡೆಗೆ ಒತ್ತಿಕೊಳ್ಳುವ ಲೋಹದ ರಿಂಗನ್ನು ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1850ರ ದಶಕದಲ್ಲಿ ಉಗಿ ಎಂಜಿನ್ನುಗಳಿಗಾಗಿ ರೂಪಿಸಿದರು. ಹೊರಹೋಗುವ ಅನಿಲದಿಂದ ಟರ್ಬೈನ್ ತಿರುಗಿಸಿ ಒಳಬರುವ ಗಾಳಿಯನ್ನು ಒತ್ತುವ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು.

ಇಂದಿನ ಕಾರುಗಳ ಪಿಸ್ಟನ್ನಿನಲ್ಲಿ ಸಾಮಾನ್ಯವಾಗಿ ಮೂರು ರಿಂಗುಗಳಿರುತ್ತವೆ. ಮೇಲಿನದು ದಹನದ ಅನಿಲವನ್ನು ತಡೆಯುತ್ತದೆ. ಎರಡನೆಯದು ಅದಕ್ಕೆ ಬೆಂಬಲ ಕೊಡುವುದಾದರೂ ಅದರ ಮುಖ್ಯ ಕೆಲಸ ಗೋಡೆಯ ಎಣ್ಣೆಯನ್ನು ಕೆಳಕ್ಕೆ ಕೆರೆಯುವುದು. ಮೂರನೆಯದು ಎಣ್ಣೆಯ ರಿಂಗು. ಇದು ಎರಡು ತೆಳು ಪಟ್ಟಿ ಮತ್ತು ನಡುವಿನ ಅಲೆಯಾಕಾರದ ಸ್ಪ್ರಿಂಗಿನಿಂದ ಕೂಡಿರುತ್ತದೆ. ಪಿಸ್ಟನ್ನಿನ ತಲೆಗೆ ತಗುಲಿದ ಶಾಖದ ಬಹುಪಾಲು ರಿಂಗುಗಳ ಮೂಲಕವೇ ಸಿಲಿಂಡರ್ ಗೋಡೆಗೆ ಹರಿಯುತ್ತದೆ. ಆದ್ದರಿಂದ ರಿಂಗು ಬಿರಡೆಯಂತೆ ಕೆಲಸ ಮಾಡುವುದಲ್ಲದೆ ಶಾಖವನ್ನು ಸಾಗಿಸುವ ದಾರಿಯೂ ಆಗಿದೆ.

ಸಂದಿನ ಮಹತ್ವ

ಬಿಸಿಯಾದ ರಿಂಗು ಹಿಗ್ಗುತ್ತದೆ. ಗೋಡೆಯೊಳಗೆ ಸಿಕ್ಕಿಕೊಂಡಿರುವುದರಿಂದ ಅದು ಹಿಗ್ಗಬಹುದಾದ ಜಾಗ ಎರಡು ತುದಿಗಳ ನಡುವಿನ ಸಂದು ಮಾತ್ರ. ಮಾರುತಿ ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್ ವಾಹನಗಳಲ್ಲಿದ್ದ 1298 ಸಿ.ಸಿ. ಎಂಜಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಸಿಲಿಂಡರ್ ವ್ಯಾಸ 74 ಮಿ.ಮೀ., ಸುತ್ತಳತೆ ಸುಮಾರು 232 ಮಿ.ಮೀ. ಎರಕದ ಕಬ್ಬಿಣವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುತ್ತದೆ. ಹಾಗಾಗಿ ಗೋಡೆಗಿಂತ ರಿಂಗು 100 ಡಿಗ್ರಿ ಹೆಚ್ಚು ಬಿಸಿಯಾದರೆ ಸಂದು ಸುಮಾರು 0.25 ಮಿ.ಮೀ.ನಷ್ಟು ಮುಚ್ಚಿಕೊಳ್ಳುತ್ತದೆ.

ಟರ್ಬೊ ಇಲ್ಲದ ಎಂಜಿನ್ನಿನ ಮೇಲಿನ ರಿಂಗಿಗೆ ವ್ಯಾಸದ ಸಾವಿರದಲ್ಲಿ 4 ಭಾಗದಷ್ಟು ಸಂದು ಬಿಡುವುದು ವಾಡಿಕೆ. ಅಂದರೆ 74 ಮಿ.ಮೀ. ವ್ಯಾಸಕ್ಕೆ ಸುಮಾರು 0.30 ಮಿ.ಮೀ. ಮಿತವಾದ ಟರ್ಬೊ ಒತ್ತಡಕ್ಕೆ ಸಾವಿರದಲ್ಲಿ 5ರಿಂದ 6 ಭಾಗ, ಅಂದರೆ 0.37ರಿಂದ 0.44 ಮಿ.ಮೀ. ಬಿಡಲಾಗುತ್ತದೆ. ಸ್ಪರ್ಧೆಯ ಎಂಜಿನ್ನುಗಳಲ್ಲಿ ಇದು ಇನ್ನೂ ಹೆಚ್ಚು. ರಿಂಗ್ ತಯಾರಕರು ಪೆಟ್ಟಿಗೆಯೊಡನೆ ಕೊಡುವ ಚೀಟಿಯಲ್ಲಿನ ಅಂಕಿಯೇ ಅಂತಿಮ ಪ್ರಮಾಣ.

ಸಂದು ಅಗತ್ಯಕ್ಕಿಂತ 0.1 ಮಿ.ಮೀ. ದೊಡ್ಡದಾದರೆ ಸೋರುವ ದಾರಿ ಹೆಚ್ಚುವುದು ಚದರ ಮಿಲಿಮೀಟರಿನ ಕೆಲವು ನೂರರ ಭಾಗದಷ್ಟು ಮಾತ್ರ. ಶಕ್ತಿಯಲ್ಲಿ ಆಗುವ ನಷ್ಟವನ್ನು ಚಾಲಕನು ಗುರುತಿಸಲಾರನು. ಅದೇ 0.1 ಮಿ.ಮೀ. ಕಡಿಮೆಯಾದರೆ ಪೂರ್ಣ ಶಕ್ತಿಯಲ್ಲಿ ತುದಿಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ರಿಂಗಿಗೆ ಹಿಗ್ಗಲು ಜಾಗವಿರುವುದಿಲ್ಲ. ಅದು ಗೋಡೆಯನ್ನು ಗೀರುತ್ತದೆ ಅಥವಾ ಸಿಕ್ಕಿಕೊಂಡು ಪಿಸ್ಟನ್ನಿನ ಮೇಲಂಚನ್ನು ಕಿತ್ತುಹಾಕುತ್ತದೆ. ಕಳಚಿದ ಅಲ್ಯೂಮಿನಿಯಂ ಚೂರು ಟರ್ಬೈನಿನ ಅಲಗುಗಳನ್ನೂ ಮುರಿಯಬಲ್ಲದು. ಎರಡು ಬದಿಯ ತಪ್ಪುಗಳ ಬೆಲೆ ಸಮವಲ್ಲವಾದ್ದರಿಂದ ಅನುಮಾನವಿದ್ದಾಗ ಸಂದನ್ನು ದೊಡ್ಡದಾಗಿ ಇಡುವುದೇ ಸರಿಯಾದ ಕ್ರಮ.

ಬೆಂಗಳೂರಿನ ಉತ್ತರ ಭಾಗದಲ್ಲಿ

ಹೆಸರಘಟ್ಟ ರಸ್ತೆಯ ಚಿಕ್ಕಬಾಣಾವರವು ಈ ಕೆಲಸದ ಎರಡು ನೆಲೆಗಳ ನಡುವೆ ಇದೆ. ಅದರ ಪೂರ್ವದಿಕ್ಕಿನ ಯಲಹಂಕದಲ್ಲಿ ಫೆಡರಲ್-ಮೊಗಲ್ ಗೋಟ್ಜೆ ಸಂಸ್ಥೆಯ ಕಾರ್ಖಾನೆಯಿದೆ. 1954ರಲ್ಲಿ ಗೋಟ್ಜೆ ಇಂಡಿಯಾ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆ ಪಿಸ್ಟನ್ ಮತ್ತು ರಿಂಗುಗಳ ತಯಾರಿಕೆಗೆ ಹೆಸರಾಗಿದೆ. ಚಿಕ್ಕಬಾಣಾವರದ ದಕ್ಷಿಣಕ್ಕೆ 1970ರ ದಶಕದಲ್ಲಿ ಬೆಳೆದ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವ, ಉಜ್ಜುವ, ಅಳೆಯುವ ಸಣ್ಣ ಘಟಕಗಳು ವಿಪುಲವಾಗಿವೆ. ಹಳೆಯ ವಾಹನಗಳ ಬಿಡಿಭಾಗಗಳಿಗೆ ನಗರದ ಜೆ.ಸಿ. ರಸ್ತೆ ಮೊದಲಿನಿಂದಲೂ ಪ್ರಸಿದ್ಧ.

ಮನೆಯಲ್ಲಿ ಎಂಜಿನ್ ಕಟ್ಟುವುದೆಂದರೆ ಎಲ್ಲವನ್ನೂ ಮನೆಯಲ್ಲೇ ಮಾಡುವುದೆಂದಲ್ಲ. ಬೋರಿಂಗ್ ಮತ್ತು ಹೋನಿಂಗ್ ಯಂತ್ರದ ಕೆಲಸಗಳಾದ್ದರಿಂದ ಅವನ್ನು ಹೊರಗೆ ಮಾಡಿಸಬೇಕಾಗುತ್ತದೆ. ಅಳತೆ, ಸಂದು ತಿದ್ದುವಿಕೆ, ಶುಚಿ ಮತ್ತು ಜೋಡಣೆ ಮನೆಯಲ್ಲಿ ಸಾಧ್ಯ. ಅವಸರವಿಲ್ಲದಿರುವುದರಿಂದ ಮನೆಯಲ್ಲಿ ಅವು ಹೆಚ್ಚು ಅಚ್ಚುಕಟ್ಟಾಗಿ ಆಗುವುದೂ ಉಂಟು.

ಇಂತಹ ಎಂಜಿನ್ನನ್ನು ಸಾರ್ವಜನಿಕ ರಸ್ತೆಯಲ್ಲಿ ಬಳಸುವುದಕ್ಕೆ ಕಾನೂನಿನ ಅಡ್ಡಿಯಿದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿರ್ಬಂಧವನ್ನು ಎತ್ತಿಹಿಡಿಯಿತು.

ಪಿಸ್ಟನ್ ಮತ್ತು ಗೋಡೆಯ ನಡುವಿನ ತೆರಪು

ಸಾಮಾನ್ಯ ಕಾರುಗಳ ಪಿಸ್ಟನ್ನು ಎರಕದ್ದು. ಟರ್ಬೊ ಎಂಜಿನ್ನಿಗೆ ಬಡಿದು ರೂಪಿಸಿದ, ಅಂದರೆ ಫೋರ್ಜ್ ಮಾಡಿದ ಪಿಸ್ಟನ್ನನ್ನು ಆಯ್ದುಕೊಳ್ಳುತ್ತಾರೆ. ಇದರಲ್ಲಿ ಎರಡು ಮಿಶ್ರಲೋಹಗಳು ಪ್ರಚಲಿತವಾಗಿವೆ. 4032 ಎಂಬುದರಲ್ಲಿ ಸುಮಾರು ಶೇ. 12ರಷ್ಟು ಸಿಲಿಕಾನ್ ಇರುವುದರಿಂದ ಅದು ಕಡಿಮೆ ಹಿಗ್ಗುತ್ತದೆ. 2618ರಲ್ಲಿ ಸಿಲಿಕಾನ್ ಅತ್ಯಲ್ಪ. ಅದು ಹೆಚ್ಚು ಪೆಟ್ಟು ತಾಳಿಕೊಳ್ಳುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. ಆದುದರಿಂದ 2618ರ ಪಿಸ್ಟನ್ನಿಗೆ ಹೆಚ್ಚು ತೆರಪು ಬೇಕು. ಎಂಜಿನ್ ತಣ್ಣಗಿರುವಾಗ ಕೇಳುವ ಟಕಟಕ ಸದ್ದು ಅದರ ಪರಿಣಾಮವೇ ಹೊರತು ದೋಷವಲ್ಲ.

ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ. ಪಿನ್ನಿಗೆ ಅಡ್ಡಲಾಗಿ, ತಯಾರಕರು ಸೂಚಿಸಿದ ಎತ್ತರದಲ್ಲಿ ಮೈಕ್ರೋಮೀಟರಿನಿಂದ ಅಳೆಯಬೇಕು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಮಟ್ಟಗಳಲ್ಲಿ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಯುತ್ತಾರೆ. ಅಳೆಯುವಾಗ ಎಲ್ಲ ಭಾಗಗಳೂ ಒಂದೇ ಬಿಸಿಯಲ್ಲಿರಬೇಕು. 74 ಮಿ.ಮೀ. ಪಿಸ್ಟನ್ 10 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.015 ಮಿ.ಮೀ. ದಪ್ಪವಾಗುತ್ತದೆ. ಒಟ್ಟು ತೆರಪೇ 0.05ರಿಂದ 0.10 ಮಿ.ಮೀ. ಇರುವಾಗ ಇದು ಚಿಕ್ಕ ತಪ್ಪಲ್ಲ. ಬಿಸಿಲಿನಲ್ಲಿದ್ದ ಪಿಸ್ಟನ್ನನ್ನು ನೆರಳಿನಲ್ಲಿದ್ದ ಬ್ಲಾಕಿನೊಡನೆ ಹೋಲಿಸಬಾರದು.

ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಬ್ಲಾಕು ಸ್ವಲ್ಪ ಸೊಟ್ಟಾಗುತ್ತದೆ. ಹೆಡ್ಡಿನ ಜಾಗದಲ್ಲಿ ದಪ್ಪ ಲೋಹದ ಫಲಕ ಬಿಗಿದು ಹೋನಿಂಗ್ ಮಾಡಿಸಿದರೆ ಬಿಗಿದ ಸ್ಥಿತಿಯಲ್ಲಿ ಸಿಲಿಂಡರ್ ದುಂಡಗಿರುತ್ತದೆ. ಹೋನಿಂಗ್ ನಂತರದ ಪುಡಿಯನ್ನು ಸೀಮೆಎಣ್ಣೆಯಿಂದಷ್ಟೇ ತೆಗೆಯಲಾಗದು. ಬಿಸಿನೀರು, ಸೋಪು, ಬ್ರಷ್ಷಿನಿಂದ ಉಜ್ಜಿ, ಬಿಳಿ ಬಟ್ಟೆಯಲ್ಲಿ ಕಪ್ಪು ಕಾಣದಂತಾಗುವವರೆಗೆ ಒರೆಸಿ, ಕೂಡಲೇ ಎಣ್ಣೆ ಸವರಬೇಕು.

ಸಂದು ತಿದ್ದುವ ಕ್ರಮ

ರಿಂಗನ್ನು ಅದು ಸೇರಬೇಕಾದ ಸಿಲಿಂಡರಿನಲ್ಲೇ ಇಟ್ಟು, ತಲೆಕೆಳಗಾಗಿ ಹಿಡಿದ ಪಿಸ್ಟನ್ನಿನಿಂದ ಸುಮಾರು 25 ಮಿ.ಮೀ. ಒಳಕ್ಕೆ ಸಮನಾಗಿ ತಳ್ಳಿ, ಫೀಲರ್ ಗೇಜಿನಿಂದ ಸಂದನ್ನು ಅಳೆಯುತ್ತಾರೆ. ವ್ಯಾಸದಲ್ಲಿ 0.01 ಮಿ.ಮೀ. ವ್ಯತ್ಯಾಸವಾದರೆ ಸಂದಿನಲ್ಲಿ 0.03 ಮಿ.ಮೀ.ಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಹೀಗಾಗಿ ಒಂದು ಸಿಲಿಂಡರಿಗೆ ತಿದ್ದಿದ ರಿಂಗನ್ನು ಇನ್ನೊಂದಕ್ಕೆ ಹಾಕಬಾರದು. ಗೇಜುಗಳ ಮೇಲೆ ಅಂಗುಲದ ಸಾವಿರದ ಭಾಗವಾದ ‘ಥೌ’ ಅಳತೆಯೂ ಇರುತ್ತದೆ. ಒಂದು ಥೌ ಎಂದರೆ 0.0254 ಮಿ.ಮೀ.

ಅರದಿಂದ ಉಜ್ಜುವಾಗ ಒಂದು ತುದಿಯನ್ನಷ್ಟೇ, ಹೊರಮೈಯಿಂದ ಒಳಮೈಯ ಕಡೆಗೆ ಉಜ್ಜುವುದು ರೂಢಿ. ವಿರುದ್ಧ ದಿಕ್ಕಿನಲ್ಲಿ ಉಜ್ಜಿದರೆ ಹೊರಮೈಯ ಲೇಪನ ಎದ್ದು ಬರುತ್ತದೆ. ತುದಿಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ಅಂಚಿನ ಮುಳ್ಳನ್ನು ನುಣ್ಣಗೆ ತೆಗೆಯಬೇಕು. ಉಜ್ಜಿದ್ದನ್ನು ಮರಳಿ ಸೇರಿಸಲಾಗದಾದ್ದರಿಂದ ನಾಲ್ಕಾರು ಎಳೆತಕ್ಕೊಮ್ಮೆ ಅಳೆದು ನೋಡುತ್ತಾರೆ. ಎರಡನೆಯ ರಿಂಗಿನ ಸಂದು ಮೇಲಿನದಕ್ಕೆ ಸಮ ಅಥವಾ ತುಸು ಹೆಚ್ಚಿರುತ್ತದೆ. ಅದು ಕಿರಿದಾದರೆ ಎರಡು ರಿಂಗುಗಳ ನಡುವೆ ಅನಿಲ ಸಿಕ್ಕಿಬಿದ್ದು ಮೇಲಿನ ರಿಂಗನ್ನು ತನ್ನ ಗಾಡಿಯಿಂದ ಮೇಲಕ್ಕೆತ್ತುತ್ತದೆ.

ಕೂರಿಸುವುದು

ಗುಡ್ಜನ್ ಪಿನ್ನಿನ ಸರ್‌ಕ್ಲಿಪ್ಪುಗಳನ್ನು ಪ್ರತಿಸಲವೂ ಹೊಸದಾಗಿ ಹಾಕುತ್ತಾರೆ. ಒಮ್ಮೆ ತೆಗೆದದ್ದರ ಬಿಗಿ ಸಡಿಲಾಗಿರುತ್ತದೆ. ಎಣ್ಣೆಯ ರಿಂಗಿನ ನಡುವಿನ ಸ್ಪ್ರಿಂಗಿನ ತುದಿಗಳು ಒಂದಕ್ಕೊಂದು ಎದುರಾಗಿ ತಾಗಬೇಕೇ ಹೊರತು ಒಂದರ ಮೇಲೊಂದು ಏರಬಾರದು. ಉಳಿದ ರಿಂಗುಗಳಲ್ಲಿ ಚುಕ್ಕಿ ಅಥವಾ ಅಕ್ಷರವಿರುವ ಮುಖ ಮೇಲೆ ಬರಬೇಕು. ಎರಡನೆಯ ರಿಂಗು ತಲೆಕೆಳಗಾದರೆ ಎಣ್ಣೆಯನ್ನು ಮೇಲಕ್ಕೆ ದೂಡಿ ಹೊಗೆ ಬರಿಸುತ್ತದೆ. ಸಂದುಗಳು ಒಂದೇ ಸಾಲಿನಲ್ಲಿ ಬಾರದಂತೆ ಸುತ್ತಲೂ ಹಂಚಿ ಇಡುತ್ತಾರೆ. ಓಡುವಾಗ ರಿಂಗುಗಳು ಹೇಗೂ ನಿಧಾನವಾಗಿ ತಿರುಗುವುದರಿಂದ ಇದರ ಬಗ್ಗೆ ಅತಿಯಾದ ಚರ್ಚೆ ಅನಗತ್ಯ.

ರಿಂಗುಗಳನ್ನು ಬಿಗಿಪಟ್ಟಿಯಲ್ಲಿ ಅದುಮಿ, ಪಿಸ್ಟನ್ನಿನ ತಲೆಯ ಬಾಣದ ಗುರುತು ಎಂಜಿನ್ನಿನ ಮುಂಭಾಗಕ್ಕೆ ಬರುವಂತೆ ಹಿಡಿದು, ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ಒಳಕ್ಕೆ ತಟ್ಟಲಾಗುತ್ತದೆ. ಚಲನೆ ಥಟ್ಟನೆ ನಿಂತರೆ ರಿಂಗು ಹೊರಚಾಚಿ ಬ್ಲಾಕಿನ ಅಂಚಿಗೆ ಸಿಕ್ಕಿದೆಯೆಂದರ್ಥ. ಆಗ ಹೊಡೆಯದೆ ಹೊರತೆಗೆದು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಮೊದಲ ಓಟ

ಇಂಧನ ಮತ್ತು ಕಿಡಿಯನ್ನು ತಡೆಹಿಡಿದು, ಎಣ್ಣೆಯ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸುತ್ತಾರೆ. ಟರ್ಬೊವಿನ ಬೇರಿಂಗಿಗೂ ಮುಂಚಿತವಾಗಿ ಎಣ್ಣೆ ತುಂಬಿರಬೇಕು. ಹೊಸ ರಿಂಗುಗಳು ಗೋಡೆಗೆ ಹೊಂದಿಕೊಳ್ಳಲು ಅನಿಲದ ಒತ್ತಡ ಬೇಕಾದ್ದರಿಂದ ಬಹುಕಾಲ ಖಾಲಿ ಓಡಿಸುವುದು ಹಾನಿಕರ. ಟರ್ಬೊ ಒತ್ತಡವಿಲ್ಲದೆ ಮಧ್ಯಮ ಹೊರೆಯಲ್ಲಿ ಓಡಿಸಿ, ಆಗಾಗ ಆಕ್ಸಲರೇಟರ್ ಬಿಟ್ಟು ಎಂಜಿನ್ನಿನಿಂದಲೇ ವೇಗ ಇಳಿಸುವುದು ಸಾಮಾನ್ಯ ವಿಧಾನ. ಈ ಅವಧಿಯಲ್ಲಿ ಖನಿಜ ಎಣ್ಣೆಯನ್ನು ಬಳಸಿ, ಬೇಗನೆ ಬದಲಾಯಿಸುತ್ತಾರೆ. ಬಳಿಕ ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ. 10ರೊಳಗಿದ್ದರೆ ಟರ್ಬೊ ಒತ್ತಡವನ್ನು ಹಂತಹಂತವಾಗಿ ಏರಿಸಲಾಗುತ್ತದೆ.